ಸಂದರ್ಶನದ ಕೋಣೆಯಲ್ಲಿ ಯಾವ ಮಾತಿಗೆ ಅಂಕ?

ಮಾನ್ಯ ಸಂಪಾದಕರೇ,

ಕೆಲಸಕ್ಕೆ ಆರಿಸುವಾಗ ವಿಷಯಜ್ಞಾನಕ್ಕೆ ಹೆಚ್ಚು ತೂಕ ಕೊಡಬೇಕೋ, ಸಂವಹನ ಕೌಶಲಕ್ಕೆ ಕೊಡಬೇಕೋ ಎಂಬ ಚರ್ಚೆ ನಿಮ್ಮ ಉದ್ಯೋಗ ಪುಟದಲ್ಲಿ ನಡೆಯುತ್ತಿದೆ. ಬರೆದವರಲ್ಲಿ ಹೆಚ್ಚಿನವರು ಒಂದಲ್ಲ ಒಂದು ಪಕ್ಷ ಹಿಡಿದಿದ್ದಾರೆ. ನಾನು ರಾಸಾಯನಿಕ ಕಾರ್ಖಾನೆಯೊಂದರ ಮೇಂಟೆನೆನ್ಸ್ ವಿಭಾಗದಲ್ಲಿ ದುಡಿದು ನಿವೃತ್ತನಾದವನು. ಸಂದರ್ಶನದ ಮೇಜಿನ ಎರಡೂ ಬದಿಯಲ್ಲಿ ಕೂತಿದ್ದೇನೆ. ಈ ಚರ್ಚೆಯಲ್ಲಿ ಯಾರೂ ಕೇಳದೇ ಉಳಿದ ಪ್ರಶ್ನೆಯೊಂದಿದೆ, ಅದಕ್ಕಾಗಿ ಈ ಪತ್ರ. ಸಂವಹನ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಂದರ್ಶನದ ಕೋಣೆಯಲ್ಲಿ ನಾವು ಅಂಕ ಕೊಡುವ ಮಾತಿಗೂ ಕೆಲಸದ ಜಾಗದಲ್ಲಿ ಜೀವ ಉಳಿಸುವ ಮಾತಿಗೂ ಏನು ಸಂಬಂಧ?

ನಮ್ಮಲ್ಲಿ ಒಬ್ಬ ಫಿಟ್ಟರ್ ಇದ್ದರು. ಮಾತು ಕಡಿಮೆ. ಹೊಸಬರು ಎದುರು ನಿಂತರೆ ಕಣ್ಣೆತ್ತಿ ನೋಡಲೂ ಹಿಂಜರಿಯುವ ಸ್ವಭಾವ. ಪಾಳಿ ಮುಗಿಸಿ ಹೋಗುವಾಗ ಅವರು ಲಾಗ್‌ಬುಕ್‌ನಲ್ಲಿ ಬರೆಯುತ್ತಿದ್ದದ್ದು ಹೀಗಿರುತ್ತಿತ್ತು: "ಬಿ ಪಂಪ್. ಸೀಲ್‌ನಿಂದ ನಿಮಿಷಕ್ಕೆ ಹತ್ತು ಹನಿ. ಪಾಳಿ ಶುರುವಾದಾಗ ಆರು ಇತ್ತು. ಬೇರಿಂಗ್ ಬಿಸಿ ಹೆಚ್ಚಿಲ್ಲ. ಸಕ್ಷನ್ ವಾಲ್ವ್ ಪೂರ್ತಿ ತೆರೆದಿಲ್ಲ, ಯಾರು ಯಾಕೆ ಹಾಗೆ ಇಟ್ಟರೋ ಗೊತ್ತಾಗಲಿಲ್ಲ, ಕೇಳದೆ ಮುಟ್ಟಿಲ್ಲ. ಹನಿ ಹದಿನೈದು ದಾಟಿದರೆ ಎ ಪಂಪ್‌ಗೆ ಬದಲಿಸಿ. ಎ ಪಂಪ್ ತಿರುಗಿಸಿ ನೋಡಿದ್ದೇನೆ, ಸಿದ್ಧವಿದೆ."

ಇದನ್ನು ಇನ್ನೊಮ್ಮೆ ಓದಿ ಎಂದು ಕೇಳಿಕೊಳ್ಳುತ್ತೇನೆ. ಸೋರಿಕೆ ಇದೆ ಎಂದಷ್ಟೇ ಬರೆದು ಬಿಟ್ಟಿಲ್ಲ, ಎಷ್ಟು ಎಂದು ಎಣಿಸಿದ್ದಾರೆ. ಮೊದಲು ಎಷ್ಟಿತ್ತು ಎಂದೂ ಹೇಳಿದ್ದರಿಂದ ಅದು ಹೆಚ್ಚುತ್ತಿದೆ ಎಂಬುದು ಓದುವವನಿಗೆ ತಾನಾಗಿಯೇ ತಿಳಿಯುತ್ತದೆ. ತನಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದಿದ್ದಾರೆ. ಯಾವಾಗ ಏನು ಮಾಡಬೇಕು ಎಂದು ಹೇಳಿ, ಅದಕ್ಕೆ ಬೇಕಾದ ತಯಾರಿಯನ್ನೂ ಮುಗಿಸಿದ್ದಾರೆ. ರಾತ್ರಿ ಎರಡು ಗಂಟೆಗೆ ನಿದ್ದೆಗಣ್ಣಿನಲ್ಲಿ ಓದಿದರೂ ತಪ್ಪು ತಿಳಿಯಲು ಆಸ್ಪದವಿಲ್ಲ. ನನ್ನ ಸೇವಾವಧಿಯಲ್ಲಿ ನಾನು ಕಂಡ ಅತ್ಯುತ್ತಮ ಸಂವಹನ ಇದು.

ಸೂಪರ್‌ವೈಸರ್ ಹುದ್ದೆಗೆ ಅವರು ಅರ್ಜಿ ಹಾಕಿದರು. ಪ್ಯಾನೆಲ್‌ನಲ್ಲಿ ನಾನೂ ಇದ್ದೆ. ನಿಮ್ಮ ಬಗ್ಗೆ ಹೇಳಿ, ನಿಮ್ಮ ಬಲ ಏನು, ದೌರ್ಬಲ್ಯ ಏನು, ಐದು ವರ್ಷದ ನಂತರ ನಿಮ್ಮನ್ನು ಎಲ್ಲಿ ಕಾಣುತ್ತೀರಿ ಎಂಬ ಪ್ರಶ್ನೆಗಳು ಒಂದರ ಹಿಂದೆ ಒಂದು ಬಂದವು. ಅವರು ಮೇಜಿನ ಅಂಚು ನೋಡುತ್ತಾ ಒಂದೊಂದೇ ವಾಕ್ಯದಲ್ಲಿ ಉತ್ತರಿಸಿದರು. ನನ್ನ ಸರದಿಯಲ್ಲಿ ನಾನು ಯಂತ್ರದ ಬಗ್ಗೆ ಕೇಳಿದಾಗ ಮಾತ್ರ ಮುಖ ಮೇಲೆತ್ತಿದರು. ಕೊನೆಗೆ ಅವರ ಹಾಳೆಯ ಮೇಲೆ ಬಿದ್ದ ಷರಾ: ಸಂವಹನ ಕೌಶಲ ಸಾಲದು. ನಾನು ಲಾಗ್‌ಬುಕ್ ತರಿಸಿ ಮೇಜಿನ ಮೇಲಿಟ್ಟೆ. ಅದು ಸಂದರ್ಶನದ ಭಾಗವಲ್ಲ ಎಂದು ಪ್ಯಾನೆಲ್‌ನ ಉಳಿದವರು ಹೇಳಿದರು. ಆ ಉತ್ತರ ನನ್ನನ್ನು ಇಂದಿಗೂ ಕಾಡುತ್ತದೆ. ವರ್ಷಗಟ್ಟಲೆ ಒಬ್ಬ ಮನುಷ್ಯ ಪ್ರತಿದಿನ ಕೊಟ್ಟ ಪುರಾವೆ ಪಕ್ಕಕ್ಕೆ ಹೋಯಿತು, ಅರ್ಧ ಗಂಟೆಯ ತಡವರಿಕೆ ಗೆದ್ದಿತು.

ಆ ಹುದ್ದೆಗೆ ಆಯ್ಕೆಯಾದವರು ಕೆಟ್ಟ ಕೆಲಸಗಾರರೇನಲ್ಲ. ಸೊಗಸಾಗಿ ಮಾತಾಡುತ್ತಿದ್ದರು, ಎಲ್ಲರೊಡನೆ ಚೆನ್ನಾಗಿ ಬೆರೆಯುತ್ತಿದ್ದರು. ಆದರೆ ಅವರ ಪಾಳಿಯ ನಮೂದುಗಳಲ್ಲಿ ಬಹುಪಾಲು "ಎಲ್ಲ ನಾರ್ಮಲ್" ಎಂಬುದರಲ್ಲೇ ಮುಗಿಯುತ್ತಿದ್ದವು. ಅದನ್ನು ತಿದ್ದಿಸಲು ನಮಗೆ ಬಹಳ ಕಾಲ ಹಿಡಿಯಿತು.

ಒಂದು ಲಾಗ್‌ಬುಕ್ ನಮೂದಿಗೆ ಇಷ್ಟೊಂದು ಮಹತ್ವವೇ ಎಂದು ಕೆಲವರಿಗೆ ಅನ್ನಿಸಬಹುದು. ಅವರು ಪೈಪರ್ ಆಲ್ಫಾ ದುರಂತದ ಬಗ್ಗೆ ತಿಳಿದುಕೊಳ್ಳಬೇಕು. ಉತ್ತರ ಸಮುದ್ರದಲ್ಲಿ ಸ್ಕಾಟ್ಲೆಂಡ್ ತೀರದಾಚೆ ಇದ್ದ ತೈಲ ಮತ್ತು ಅನಿಲದ ವೇದಿಕೆ ಅದು. 1988ರ ಜುಲೈ 6ರಂದು ಅಲ್ಲಿನ ಎರಡು ಕಂಡೆನ್ಸೇಟ್ (ಅನಿಲದಿಂದ ಬೇರ್ಪಡುವ ದ್ರವ ಇಂಧನ) ಪಂಪ್‌ಗಳಲ್ಲಿ ಒಂದನ್ನು ದುರಸ್ತಿಗೆಂದು ನಿಲ್ಲಿಸಿದ್ದರು. ಅದೇ ಪಂಪ್‌ನ ಸುರಕ್ಷತಾ ವಾಲ್ವನ್ನು ಪರೀಕ್ಷೆಗೆಂದು ಬೇರೊಂದು ತಂಡ ಬಿಚ್ಚಿತ್ತು. ಸಂಜೆಯೊಳಗೆ ವಾಲ್ವ್ ಮರಳಿ ಕೂರಿಸಲಾಗಲಿಲ್ಲ. ಅದಿದ್ದ ಜಾಗಕ್ಕೆ ಬ್ಲೈಂಡ್ ಫ್ಲ್ಯಾಂಜ್, ಅಂದರೆ ಪೈಪ್‌ನ ಬಾಯಿ ಮುಚ್ಚುವ ಲೋಹದ ಬಿಲ್ಲೆ, ಹಾಕಿ ಕೆಲಸ ನಾಳೆಗೆ ಎಂದು ಬಿಟ್ಟರು. ಪಂಪ್‌ನ ದುರಸ್ತಿಗೆ ಒಂದು ಪರ್ಮಿಟ್ (ಕೆಲಸದ ಅನುಮತಿ ಪತ್ರ), ವಾಲ್ವ್ ಕೆಲಸಕ್ಕೆ ಇನ್ನೊಂದು ಪರ್ಮಿಟ್. ವಾಲ್ವ್ ಇಲ್ಲ ಎಂಬ ಸಂಗತಿ ರಾತ್ರಿ ಪಾಳಿಯ ಕಂಟ್ರೋಲ್ ರೂಮಿನವರ ಕಿವಿಗೆ ಬೀಳಲೇ ಇಲ್ಲ. ರಾತ್ರಿ ಹತ್ತರ ಸುಮಾರಿಗೆ ಓಡುತ್ತಿದ್ದ ಪಂಪ್ ಟ್ರಿಪ್ ಆಯಿತು. ಅದು ಮತ್ತೆ ಶುರುವಾಗಲಿಲ್ಲ. ನಿಲ್ಲಿಸಿದ್ದ ಪಂಪ್‌ನ ದುರಸ್ತಿ ಇನ್ನೂ ಶುರುವಾಗಿಲ್ಲ, ಅದನ್ನು ಓಡಿಸಬಹುದು ಎಂದು ತಿಳಿದು ಅವರು ಅದನ್ನು ಶುರುಮಾಡಿದರು. ಸಡಿಲವಾಗಿದ್ದ ಫ್ಲ್ಯಾಂಜ್‌ನಿಂದ ಅನಿಲ ಹೊರನುಗ್ಗಿತು, ಸ್ಫೋಟವಾಯಿತು. ಆ ರಾತ್ರಿ ಸತ್ತವರು 167 ಜನ.

ಆ ರಾತ್ರಿ ಅಲ್ಲಿದ್ದವರು ಕೆಲಸ ಬಾರದವರಲ್ಲ. ಪಂಪ್ ಹೇಗೆ ಓಡುತ್ತದೆ, ಸುರಕ್ಷತಾ ವಾಲ್ವ್ ಯಾಕಿರುತ್ತದೆ ಎಂಬುದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಇದ್ದ ಸಂಗತಿ ಒಂದು ಪಾಳಿಯಿಂದ ಇನ್ನೊಂದಕ್ಕೆ ದಾಟಲಿಲ್ಲ, ಅಷ್ಟೇ. ಸ್ಫೋಟ ತಾಳದ ಅಗ್ನಿತಡೆ ಗೋಡೆಗಳು, ತಾವಾಗಿ ಶುರುವಾಗದ, ಸಮುದ್ರದ ನೀರೆತ್ತುವ ಅಗ್ನಿಶಾಮಕ ಪಂಪ್‌ಗಳು, ಪಕ್ಕದ ವೇದಿಕೆಗಳಿಂದ ಬರುತ್ತಲೇ ಇದ್ದ ತೈಲ ಮತ್ತು ಅನಿಲ, ಹೀಗೆ ಬೇರೆ ಕಾರಣಗಳೂ ಸೇರಿ ಅನಾಹುತವನ್ನು ಹಿಗ್ಗಿಸಿದವು. ಲಾರ್ಡ್ ಕಲೆನ್ ಅವರ ವಿಚಾರಣಾ ವರದಿ 1990ರಲ್ಲಿ 106 ಶಿಫಾರಸುಗಳನ್ನು ಮಾಡಿತು. ಪರ್ಮಿಟ್ ಪದ್ಧತಿ, ಪಾಳಿ ಹಸ್ತಾಂತರ ಎಂದರೆ ನಮ್ಮ ಕಸುಬಿನವರು ಇಂದಿಗೂ ಮೊದಲು ಎತ್ತುವ ಹೆಸರು ಪೈಪರ್ ಆಲ್ಫಾ. ನನ್ನ ಪ್ರಶ್ನೆ ಇಷ್ಟೇ. "ನಿಮ್ಮ ಬಗ್ಗೆ ಹೇಳಿ" ಎಂಬ ಪ್ರಶ್ನೆಗೆ ಚೆಂದದ ಉತ್ತರ ಕೊಟ್ಟವರು ಆ ಸಂಜೆ ವಾಲ್ವ್ ಬಿಚ್ಚಿದೆ ಎಂದು ಹೇಳಿ ಹೋಗುತ್ತಿದ್ದರು ಎನ್ನಲು ಏನು ಆಧಾರವಿದೆ?

ಹಾಗೆಂದು ವಿಷಯ ಬಲ್ಲವನಿದ್ದರೆ ಸಾಕು, ಮಾತು ಹೇಗಿದ್ದರೇನು ಎನ್ನುವವರ ಜೊತೆ ನಾನಿಲ್ಲ. ನಮ್ಮ ಇನ್‌ಸ್ಟ್ರುಮೆಂಟ್ ವಿಭಾಗದಲ್ಲಿ ಒಬ್ಬರಿದ್ದರು, ಕಂಟ್ರೋಲ್ ಸರ್ಕ್ಯೂಟ್‌ಗಳನ್ನು ಅರೆದು ಕುಡಿದವರು. ಬೇರೆಯವರು ದಿನವಿಡೀ ಹುಡುಕಿದ ದೋಷವನ್ನು ಮೀಟರ್ ಇಟ್ಟ ಸ್ವಲ್ಪ ಹೊತ್ತಿಗೇ ಹಿಡಿಯುತ್ತಿದ್ದರು. ಆದರೆ ಏನು ಬದಲಿಸಿದೆ ಎಂದು ಡ್ರಾಯಿಂಗ್ ಮೇಲೆ ಗುರುತು ಹಾಕುತ್ತಿರಲಿಲ್ಲ. ಜೊತೆಗೆ ನಿಂತ ಕಿರಿಯರು ಯಾಕೆ ಹೀಗೆ ಎಂದು ಕೇಳಿದರೆ ಸಿಡುಕುತ್ತಿದ್ದರು. ಅವರು ರಜೆ ಹಾಕಿದಾಗ ಡ್ರಾಯಿಂಗ್ ಒಂದು ಹೇಳುತ್ತಿತ್ತು, ಕಂಟ್ರೋಲ್ ಪೆಟ್ಟಿಗೆಯೊಳಗಿನ ವೈರಿಂಗ್ ಇನ್ನೊಂದು ಹೇಳುತ್ತಿತ್ತು. ಬೇರೆಯವರು ಓದಲಾಗದ ದುರಸ್ತಿಯನ್ನು ನಾನು ಪೂರ್ತಿ ದುರಸ್ತಿ ಎನ್ನಲಾರೆ. ಅಂಥವರನ್ನು ತಂಡದ ಮುಖ್ಯಸ್ಥರ ಸ್ಥಾನಕ್ಕೆ ನಾನು ಶಿಫಾರಸು ಮಾಡಲಿಲ್ಲ, ಇವತ್ತು ಕೇಳಿದರೂ ಮಾಡುವುದಿಲ್ಲ.

ವೈದ್ಯಕೀಯ ಚರಿತ್ರೆಯಲ್ಲಿ ಇದಕ್ಕೆ ಬಹಳ ನೋವಿನ ಉದಾಹರಣೆಯಿದೆ. ವಿಯೆನ್ನಾದ ಆಸ್ಪತ್ರೆಯಲ್ಲಿ ಇಗ್ನಾಟ್ಸ್ ಸೆಮ್ಮೆಲ್‌ವೈಸ್ 1847ರಲ್ಲಿ ವೈದ್ಯರು ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯಬೇಕೆಂದು ಕಡ್ಡಾಯ ಮಾಡಿದರು. ಅವರ ಹೆರಿಗೆ ವಿಭಾಗದಲ್ಲಿ ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಬಾಣಂತಿಯರ ಸಾವು ಜೂನ್ ಹೊತ್ತಿಗೆ ಸುಮಾರು 2ಕ್ಕೆ ಇಳಿಯಿತು. ಅಂಥ ಫಲಿತಾಂಶ ಕೈಯಲ್ಲಿದ್ದೂ ಅವರು ತಮ್ಮ ಪುಸ್ತಕ ಹೊರತಂದದ್ದು 1861ರಲ್ಲಿ. ಒಪ್ಪದ ವೈದ್ಯರಿಗೆ ಬರೆದ ಬಹಿರಂಗ ಪತ್ರಗಳಲ್ಲಿ ಮನವೊಲಿಕೆಗಿಂತ ಬೈಗುಳವೇ ಹೆಚ್ಚಿತ್ತು. ಕೇಳಬೇಕಾದವರ ಹಟಮಾರಿತನವೂ ಸಣ್ಣದಾಗಿರಲಿಲ್ಲ. ನಡುವೆ ಬಲಿಯಾದವರು ಬಾಣಂತಿಯರು.

ಕೇಳಬೇಕಾದವರ ವಿಷಯ ಬಂದದ್ದರಿಂದ ಇನ್ನೊಂದು ಮಾತು. ಸಂವಹನ ಕೌಶಲವೆಂದು ನಾವು ಅಳೆಯುವುದೆಲ್ಲ ಹೇಳುವವನದ್ದು. ಕೇಳಿಸಿಕೊಳ್ಳುವ ಕೌಶಲಕ್ಕೆ ಅಂಕದ ಕಾಲಂ ಇರುವ ಹಾಳೆಯನ್ನು ನಾನಂತೂ ಕಂಡಿಲ್ಲ. 1986ರ ಜನವರಿ 27ರ ರಾತ್ರಿ, ಚಾಲೆಂಜರ್ ಬಾಹ್ಯಾಕಾಶ ನೌಕೆ ಹಾರುವ ಹಿಂದಿನ ರಾತ್ರಿ, ರಾಕೆಟ್ ತಯಾರಿಸಿದ ಕಂಪನಿಯ ಎಂಜಿನಿಯರುಗಳು ದೂರವಾಣಿ ಸಭೆಯಲ್ಲಿ ಇಷ್ಟು ಚಳಿಯಲ್ಲಿ ಹಾರಿಸಬೇಡಿ ಎಂದು ವಾದಿಸಿದರು. ಕೀಲುಗಳ ನಡುವಿನ ರಬ್ಬರ್ ಉಂಗುರಗಳು ಚಳಿಗೆ ಬಿರುಸಾಗಿ, ಸಂದನ್ನು ಹೊತ್ತಿಗೆ ಸರಿಯಾಗಿ ಮುಚ್ಚುವುದಿಲ್ಲ ಎಂಬುದು ಅವರ ಭಯ. ಅವರಲ್ಲೊಬ್ಬರಾದ ರೋಜರ್ ಬೋಯ್ಸ್‌ಜೋಲಿ ಆ ಉಂಗುರಗಳಿಂದ ದುರಂತವಾಗಬಹುದು ಎಂದು ಆರು ತಿಂಗಳ ಹಿಂದೆಯೇ ಲಿಖಿತವಾಗಿ ಹೇಳಿದ್ದರು. ಅವಸರದಲ್ಲಿ ತಯಾರಿಸಿದ ಆ ಎಂಜಿನಿಯರುಗಳ ಚಾರ್ಟ್‌ಗಳಲ್ಲಿ ಉಷ್ಣಾಂಶಕ್ಕೂ ಉಂಗುರಗಳ ಹಾನಿಗೂ ಇರುವ ನಂಟು ಒಂದೇ ನೋಟಕ್ಕೆ ಕಣ್ಣಿಗೆ ಕಟ್ಟುವಂತೆ ಇರಲಿಲ್ಲ ಎಂಬ ಟೀಕೆ ಆಮೇಲೆ ಬಂತು. ಟೀಕೆ ಇರಲಿ. ಬೇಡ ಎಂಬ ಮಾತು ಸ್ಪಷ್ಟವಾಗಿಯೇ ಇತ್ತು, ಅವರ ಮೇಲಧಿಕಾರಿಗಳು ಅದನ್ನು ತಳ್ಳಿಹಾಕಿ ಒಪ್ಪಿಗೆ ಕೊಟ್ಟರು. ಮರುದಿನ ನೌಕೆ ಹಾರಿದ 73ನೇ ಸೆಕೆಂಡಿಗೆ ಒಡೆದುಹೋಯಿತು, ಒಳಗಿದ್ದ ಏಳೂ ಜನ ಸತ್ತರು. ಮುಂದೆ ವಿಚಾರಣಾ ಆಯೋಗದ ಸಭೆಯಲ್ಲಿ ವಿಜ್ಞಾನಿ ರಿಚರ್ಡ್ ಫೈನ್‌ಮನ್ ಆ ಉಂಗುರದ ಒಂದು ತುಂಡನ್ನು ಸಣ್ಣ ಕ್ಲ್ಯಾಂಪ್‌ನಲ್ಲಿ ಬಿಗಿದು, ಐಸ್ ನೀರಿನ ಲೋಟದಲ್ಲಿ ಅದ್ದಿ, ತೆಗೆದು ಸಡಿಲಿಸಿ ತೋರಿಸಿದರು. ರಬ್ಬರ್ ಕೂಡಲೇ ಮೊದಲಿನ ಆಕಾರಕ್ಕೆ ಬರಲಿಲ್ಲ. ಕೆಲವೇ ವಾಕ್ಯಗಳ ವಿವರಣೆ, ಎಲ್ಲರಿಗೂ ಅರ್ಥವಾಯಿತು. ವಿಷಯ ಬಲ್ಲವನ ಸಂವಹನ ಹೀಗಿರುತ್ತದೆ. ವಸ್ತುವೇ ಅರ್ಧ ಮಾತಾಡುತ್ತದೆ.

ಈಗ ಸಂದರ್ಶನಕ್ಕೆ ಬರುತ್ತೇನೆ. ಹರಟೆಯಂತೆ ಸಾಗುವ, ಒಬ್ಬೊಬ್ಬರಿಗೆ ಒಂದೊಂದು ಪ್ರಶ್ನೆ ಕೇಳುವ ಸಂದರ್ಶನ ಕೆಲಸದ ಗುಣಮಟ್ಟವನ್ನು ಮುಂಗಾಣುವುದರಲ್ಲಿ ಬಹಳ ದುರ್ಬಲ. ಇದು ನನ್ನೊಬ್ಬನ ಅನಿಸಿಕೆಯಲ್ಲ. ಮನಶ್ಶಾಸ್ತ್ರಜ್ಞ ಪೌಲ್ ಸ್ಯಾಕೆಟ್ ಮತ್ತು ಸಂಗಡಿಗರು ದಶಕಗಳ ಅಧ್ಯಯನಗಳನ್ನು ಮರುಲೆಕ್ಕ ಹಾಕಿ 2022ರಲ್ಲಿ ಪ್ರಕಟಿಸಿದ ಪ್ರಬಂಧವಿದೆ. ಆಯ್ಕೆಯ ವಿಧಾನಕ್ಕೂ ಆಮೇಲಿನ ಕೆಲಸಕ್ಕೂ ನಂಟೇ ಇಲ್ಲದಿದ್ದರೆ ಸೊನ್ನೆ, ಪೂರ್ತಿ ಹೊಂದಿದರೆ ಒಂದು ಎಂಬ ಅಳತೆಯಲ್ಲಿ, ಎಲ್ಲರಿಗೂ ಒಂದೇ ಪ್ರಶ್ನೆ, ಮೊದಲೇ ಗೊತ್ತುಪಡಿಸಿದ ಅಂಕಕ್ರಮ ಇರುವ ಸಂದರ್ಶನಕ್ಕೆ 0.42 ಸಿಕ್ಕಿತು. ಕೆಲಸದ ಜ್ಞಾನದ ಪರೀಕ್ಷೆಗೆ 0.40, ಕೆಲಸವನ್ನೇ ಮಾಡಿಸಿ ನೋಡುವ ಪರೀಕ್ಷೆಗೆ 0.33. ಕ್ರಮವಿಲ್ಲದ ಸಂದರ್ಶನಕ್ಕೆ ಸಿಕ್ಕಿದ್ದು 0.19. ಎಲ್ಲ ವಿಧಾನಗಳಿಗೂ ಮಿತಿಯಿದೆ ಎಂಬುದನ್ನೂ ಈ ಅಂಕಿಗಳೇ ಹೇಳುತ್ತವೆ. ಆದರೆ ಬಹುಪಾಲು ಜನರ ಹಣೆಬರಹ ನಿರ್ಧಾರವಾಗುತ್ತಿರುವುದು ಇವುಗಳಲ್ಲಿ ಅತಿ ದುರ್ಬಲವಾದ ವಿಧಾನದಿಂದ ಎಂಬುದು ಬೇಸರದ ಸಂಗತಿ.

ನಮ್ಮ ವಿಭಾಗದಲ್ಲಿ ಕೊನೆಗೆ ನಾವು ಕ್ರಮ ಬದಲಿಸಿಕೊಂಡೆವು. ಅದಕ್ಕೆ ಒಪ್ಪಿಗೆ ಪಡೆಯುವುದೇ ಒಂದು ಹೋರಾಟವಾಗಿತ್ತು, ಆ ಕಥೆ ಇಲ್ಲಿ ಬೇಡ. ಸಂದರ್ಶನದ ಕೋಣೆಯ ಮೇಜಿನ ಮೇಲೆ ಬಿಚ್ಚಿದ ಪಂಪ್‌ನ ಭಾಗಗಳನ್ನು ಇಟ್ಟೆವು. ಶಾಫ್ಟ್, ಬೇರಿಂಗ್, ಸವೆದ ಮೆಕ್ಯಾನಿಕಲ್ ಸೀಲ್, ಜೊತೆಗೆ ಆ ಪಂಪ್‌ನ ಹಳೆಯ ನಮೂದುಗಳ ಎರಡು ಪುಟ. ನೋಡಲು ಅರ್ಧ ಗಂಟೆ. ಆಮೇಲೆ ಮೂರು ಕೆಲಸ. ಮುಂದಿನ ಪಾಳಿಯವರಿಗೆ ಒಂದು ಟಿಪ್ಪಣಿ ಬರೆಯಬೇಕು. ಪಂಪ್ ಯಾಕೆ ಇನ್ನೊಂದು ದಿನ ನಿಲ್ಲಬೇಕು ಎಂದು ಲೆಕ್ಕಪತ್ರ ವಿಭಾಗದ ಸಹೋದ್ಯೋಗಿಗೆ ವಿವರಿಸಬೇಕು. ಕೊನೆಯಲ್ಲಿ ಪ್ಯಾನೆಲ್‌ನವರೊಬ್ಬರು ಅವಸರದಲ್ಲಿರುವ ಮೇಲಧಿಕಾರಿಯ ಪಾತ್ರ ವಹಿಸಿ, ಇದೇ ಸೀಲ್ ಹಾಕಿ ಓಡಿಸಿ ಎಂದು ಹೇಳುತ್ತಿದ್ದರು. ಆಗ ಅಭ್ಯರ್ಥಿ ಏನು ಹೇಳುತ್ತಾರೆ, ಹೇಗೆ ಹೇಳುತ್ತಾರೆ ಎಂಬುದಕ್ಕೇ ಹೆಚ್ಚು ಅಂಕ.

ಒಬ್ಬ ಯುವತಿ ಬಂದಿದ್ದು ನೆನಪಿದೆ. ಹೆಸರು ಹೇಳುವಾಗಲೇ ಗಂಟಲು ನಡುಗುತ್ತಿತ್ತು, ನೀರು ಕುಡಿಯಲು ಹೇಳಿದೆವು. ಸೀಲ್ ಕೈಗೆತ್ತಿಕೊಂಡು ಬೆಳಕಿಗೆ ಹಿಡಿದ ಮೇಲೆ ನಡುಕ ಎಲ್ಲಿ ಹೋಯಿತೋ ತಿಳಿಯಲಿಲ್ಲ. "ಸರ್, ಈ ಬಿಲ್ಲೆ ಮೇಲೆ ಉಜ್ಜಿದ ಗುರುತು ಎದುರಿನ ಮುಖಕ್ಕಿಂತ ಅಗಲ ಇದೆ. ಅಂದ್ರೆ ಶಾಫ್ಟ್ ನೆಟ್ಟಗೆ ತಿರುಗಿಲ್ಲ, ಅಲ್ಲಾಡಿದೆ. ಬೇರಿಂಗ್ ಹೋಗಿರಬಹುದು, ಅಲೈನ್‌ಮೆಂಟ್ ತಪ್ಪಿರಬಹುದು, ಶಾಫ್ಟೇ ಬಾಗಿರಬಹುದು. ಡಯಲ್ ಗೇಜ್ ಇಟ್ಟು ಅಳೆದು ನೋಡದೆ ಯಾವುದು ಅಂತ ಹೇಳಕ್ಕಾಗಲ್ಲ. ಬರೀ ಸೀಲ್ ಬದಲಿಸಿದ್ರೆ ಇದೂ ಹೀಗೇ ಹೋಗುತ್ತೆ" ಎಂದರು. ಮೇಲಧಿಕಾರಿಯ ಪಾತ್ರದವರು ದನಿ ಏರಿಸಿದಾಗ, "ಓಡಿಸ್ಲೇಬೇಕು ಅಂದ್ರೆ ನೀವು ಬರೆದುಕೊಡಿ ಸರ್, ಓಡಿಸೋದು ಬೇಡ ಅಂತಲೇ ನನ್ನ ಅಭಿಪ್ರಾಯ ಇರುತ್ತೆ" ಎಂದರು. ಅದೇ ಮೆಲುದನಿ, ಆದರೆ ಒಂದು ಪದವೂ ಅಲುಗಲಿಲ್ಲ. ನಾವು ಅವರನ್ನು ಆರಿಸಿದೆವು. ಹಳೆಯ ಕ್ರಮದಲ್ಲಿ ಸ್ವಪರಿಚಯ ಮುಗಿಯುವಷ್ಟರಲ್ಲೇ ಅವರ ಹಾಳೆಯ ಮೇಲೆ ಅದೇ ಷರಾ ಬೀಳುತ್ತಿತ್ತು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಎಲ್ಲ ಹುದ್ದೆಗೂ ಒಂದೇ ಅಳತೆ ಎಂದು ನಾನು ಹೇಳುತ್ತಿಲ್ಲ. ಮಾರಾಟ, ಪಾಠ ಹೇಳುವುದು, ಗ್ರಾಹಕರ ದೂರು ಆಲಿಸುವುದು ಮುಂತಾದವುಗಳಲ್ಲಿ ಮಾತೇ ಕೆಲಸ, ಅಲ್ಲಿ ಮಾತನ್ನೇ ಪರೀಕ್ಷಿಸಬೇಕು. ಸಾಫ್ಟ್‌ವೇರ್ ಬರೆಯುವವರಿಗೆ ದೋಷವೊಂದರ ವರದಿ ಬರೆಯಲು ಹೇಳಿ. ದಾದಿಯರಿಗೆ ರೋಗಿಯೊಬ್ಬರನ್ನು ಮುಂದಿನ ಪಾಳಿಗೆ ಒಪ್ಪಿಸಿಕೊಡಲು ಹೇಳಿ. ಅಮೆರಿಕ ಮತ್ತು ಕೆನಡಾದ ಒಂಬತ್ತು ಆಸ್ಪತ್ರೆಗಳಲ್ಲಿ ಕಿರಿಯ ವೈದ್ಯರಿಗೆ ರೋಗಿಗಳ ಹಸ್ತಾಂತರವನ್ನು ಗೊತ್ತಾದ ಕ್ರಮದಲ್ಲಿ ಮಾಡಲು ಕಲಿಸಿದ ಮೇಲೆ ವೈದ್ಯಕೀಯ ತಪ್ಪುಗಳು ನೂರಕ್ಕೆ 23ರಷ್ಟು ಇಳಿದವು ಎಂದು 2014ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಇದರಲ್ಲಿ ಇನ್ನೊಂದು ಸೂಚನೆಯೂ ಅಡಗಿದೆ. ಕೆಲಸದ ಸಂವಹನವನ್ನು ಕಲಿಸಬಹುದು, ಅದೂ ಬೇಗ. ಹಾಗಿರುವಾಗ ಮೊದಲ ದಿನವೇ ಅದು ಪೂರ್ತಿ ಇರಬೇಕೆಂದು ಹಟ ಹಿಡಿದು, ವರ್ಷಗಳ ಅಭ್ಯಾಸದಿಂದ ಬಂದ ಕೈಯನ್ನು ಹಿಂದಕ್ಕೆ ಕಳಿಸುವುದು ಯಾವ ಲೆಕ್ಕದಲ್ಲಿ ಸರಿ?

ನನಗೆ ಹೆಚ್ಚು ಸಂಕಟವಾಗುವುದು ಆ ಒಂದು ಕಾಲಂನೊಳಗೆ ಏನೆಲ್ಲ ಸೇರಿಕೊಳ್ಳುತ್ತದೆ ಎಂದು ನೆನೆದಾಗ. ಉಚ್ಚಾರಣೆ ನಮ್ಮಂತಿಲ್ಲ, ಉಡುಪು ಹೊಂದಲಿಲ್ಲ, ಕಣ್ಣಲ್ಲಿ ಕಣ್ಣಿಟ್ಟು ಮಾತಾಡಲಿಲ್ಲ, ತೊದಲಿದರು, ನಗಲಿಲ್ಲ. ಇದ್ಯಾವುದನ್ನೂ ಹೀಗೇ ಬರೆಯಲು ಯಾವ ಪ್ಯಾನೆಲ್‌ಗೂ ಧೈರ್ಯವಿರುವುದಿಲ್ಲ. ಸಂವಹನ ಕೌಶಲ ಸಾಲದು ಎಂದು ಬರೆದರೆ ಯಾರೂ ಪ್ರಶ್ನಿಸುವುದಿಲ್ಲ. ತೊದಲು ಇರುವವರೊಬ್ಬರು ಅಂಥದೇ ಷರಾ ಪಡೆದು ಹೊರಗೆ ಹೋದದ್ದನ್ನು ನಾನು ನೋಡಿದ್ದೇನೆ. ಅವರು ಅರ್ಜಿ ಹಾಕಿದ್ದ ಹುದ್ದೆಯ ಕೆಲಸ ಪ್ರಯೋಗಾಲಯದಲ್ಲಿ ಮಾದರಿಗಳನ್ನು ಪರೀಕ್ಷಿಸಿ ವರದಿ ಬರೆಯುವುದು. ಅಂಥ ಷರಾ ಬರೆಯುವವರು ಅದರ ಕೆಳಗೆ ಇನ್ನೊಂದು ಸಾಲು ಬರೆಯಬೇಕೆಂದು ನಿಯಮ ಮಾಡಲಿ: ಈ ಹುದ್ದೆಯ ಯಾವ ಕೆಲಸದಲ್ಲಿ ಈ ಕೊರತೆ ಅಡ್ಡಬರುತ್ತದೆ? ಉತ್ತರ ಇಲ್ಲದಿದ್ದರೆ ಷರಾವನ್ನು ಹೊಡೆದುಹಾಕಬೇಕು.

ಸಮಯವಿಲ್ಲ, ಅರ್ಜಿಗಳು ಸಾವಿರಾರು ಎಂದು ಎಚ್‌ಆರ್ ವಿಭಾಗದವರು ಹೇಳುತ್ತಾರೆ. ಅವರ ಕಷ್ಟ ಸುಳ್ಳಲ್ಲ. ಆದರೆ ಎಲ್ಲರಿಗೂ ಪಂಪ್ ಬಿಚ್ಚಿಡಬೇಕಾಗಿಲ್ಲ. ಕೊನೆಯ ಸುತ್ತಿಗೆ ಬಂದವರಿಗೆ ಮಾಡಿದರೆ ಸಾಕು. ಅದಕ್ಕೂ ಮೊದಲು ಒಂದು ಪುಟದ ಬರವಣಿಗೆಯ ಪರೀಕ್ಷೆ ಇಡಬಹುದು.

ನಿಮ್ಮಲ್ಲಿ ನನ್ನದೊಂದು ಕೋರಿಕೆ. ಉದ್ಯೋಗ ಪುಟದಲ್ಲಿ ಸಂದರ್ಶನ ಎದುರಿಸುವ ಬಗೆ ಎಂದು ಸ್ವಪರಿಚಯದ ಸಿದ್ಧ ಉತ್ತರಗಳನ್ನು ಪ್ರಕಟಿಸುತ್ತೀರಿ. ಕಿರಿಯರು ಅದನ್ನು ಬಾಯಿಪಾಠ ಮಾಡಿಕೊಂಡು ಬರುತ್ತಾರೆ, ನಾವು ಅದನ್ನೇ ಮತ್ತೆ ಮತ್ತೆ ಕೇಳುತ್ತೇವೆ. ಅದರ ಪಕ್ಕದಲ್ಲಿ ವಾರಕ್ಕೊಂದು ಬೇರೆ ಬಗೆಯ ಅಭ್ಯಾಸ ಕೊಡಿ. ಒಂದು ಕೆಟ್ಟ ಯಂತ್ರದ ವಿವರ ಕೊಟ್ಟು ಪಾಳಿ ಟಿಪ್ಪಣಿ ಬರೆಯಲು ಹೇಳಿ, ಬಂದವುಗಳಲ್ಲಿ ಉತ್ತಮವಾದದ್ದನ್ನು ಯಾಕೆ ಉತ್ತಮ ಎಂಬ ವಿವರಣೆಯೊಡನೆ ಅಚ್ಚು ಹಾಕಿ. ಮೆಕ್ಯಾನಿಕಲ್ ವಿಭಾಗದ ಪ್ರಶ್ನೆಗಳನ್ನು ತಯಾರಿಸಿ, ಬಂದ ಉತ್ತರಗಳನ್ನು ತಿದ್ದಿಕೊಡಲು ನಾನು ಸಿದ್ಧನಿದ್ದೇನೆ. ಆಸ್ಪತ್ರೆ, ಪ್ರಯೋಗಾಲಯ, ಸಾಫ್ಟ್‌ವೇರ್ ಕ್ಷೇತ್ರಗಳಲ್ಲಿ ದುಡಿದು ನಿವೃತ್ತರಾದ ಓದುಗರೂ ಕೈಜೋಡಿಸುತ್ತಾರೆಂದು ನಂಬಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಮೇಂಟೆನೆನ್ಸ್ ಎಂಜಿನಿಯರ್